ದಿನಕ್ಕೆ ಇಪ್ಪತ್ತೆರಡು ಕಿಲೋಮೀಟರ್

ಪ್ರೀತಿಯ ಅಪ್ಪಾ,

ನೀನು ತೀರಿಹೋಗಿ ಐದು ತಿಂಗಳಾಯಿತು. ಇವತ್ತು ಬೆಳಗಿನ ಕಾಫಿಯ ಜೊತೆ ನಾವು ಬೇಸಿಗೆ ರಜೆಯ ಸೈಕಲ್ ಪ್ರವಾಸದ ದಾರಿ ಗೊತ್ತುಮಾಡಿದೆವು. ಪದ್ಧತಿ ನಿನ್ನದೇ: ಸೈಕಲ್ ದಾರಿಗಳು ಕೂಡುವಲ್ಲಿ ನೆಟ್ಟ ದಾರಿಕಂಬಗಳ ಸಂಖ್ಯೆಗಳನ್ನು ನಕ್ಷೆಯಿಂದ ಕಾಗದದ ಪಟ್ಟಿಗೆ ಬರೆದು ಹ್ಯಾಂಡಲಿಗೆ ಅಂಟಿಸುವುದು. ನಾಲ್ಕು ದಿನ ಸೈಕಲ್, ಕೊನೆಯ ದಿನ ಕಡಲತೀರದ ಝೀಲ್ಯಾಂಡಿನ ಮರಳುದಿಬ್ಬಗಳ ಮೇಲೆ ನಡಿಗೆ. "ಗಾಳಿ ಎದುರಾದರೆ ಗೊಣಗು, ಬೆನ್ನಿಗಿದ್ದರೆ ಗುನುಗು" ಎಂಬ ನನ್ನ ಪ್ರಾಸವನ್ನು ಪಟ್ಟಿಯ ನೆತ್ತಿಯಲ್ಲಿ ಬರೆದೆ.

ನಿನ್ನ ಮೊಮ್ಮಗಳು ಯೊರಿಂದೆ ಪಟ್ಟಿ ಕಿತ್ತುಕೊಂಡು ದೂರ ಲೆಕ್ಕ ಹಾಕಿದಳು.

"ದಿನಕ್ಕೆ ಬರೀ ಇಪ್ಪತ್ತೆರಡು ಕಿಲೋಮೀಟರಾ? ಅಮ್ಮಾ, ಬಾತುಕೋಳಿನೂ ನಮ್ಮನ್ನ ಹಿಂದೆ ಹಾಕುತ್ತೆ!"

"ಐದು ಕಿಲೋಮೀಟರಿಗೊಂದು ಬೆಂಚು ಬೇರೆ ಗುರುತು ಮಾಡಿದ್ದಾಳೆ," ಎಂದ ನಿನ್ನ ಅಳಿಯ ಯೂಪ್. "ಮಂಡಿ ನೋವು ಯಾರಿಗೆ ಮಾರಾಯ್ತಿ?"



ಹೋದ ವರ್ಷ ನಾನು ಹಾಕಿದ್ದು ದಿನಕ್ಕೆ ಐವತ್ತೈದು. ನೀನು ಪಟ್ಟಿ ನೋಡಿ, ಕನ್ನಡಕ ಒರೆಸಿಕೊಂಡು, "ಈ ಸಲ ನೀವು ಹೋಗ್ಬನ್ನಿ. ಟೊಮ್ಯಾಟೊ ಗಿಡಕ್ಕೆ ನೀರು ಹಾಕೋರು ಬೇಕಲ್ಲ" ಅಂದಿದ್ದೆ. ಆ ವಾರವಿಡೀ ಮಳೆ ಸುರಿಯಿತು. ಗಿಡಕ್ಕೆ ಎಷ್ಟು ನೀರು ಹಾಕಿದೆ ಎಂದು ನಾನು ಕೇಳಲಿಲ್ಲ.

ಯೊರಿಂದೆ ರಬ್ಬರ್ ಎತ್ತಿಕೊಂಡವಳು ಬೆಂಚುಗಳ ಗುರುತನ್ನು ಇನ್ನೊಮ್ಮೆ ನೋಡಿ ರಬ್ಬರನ್ನು ಕೆಳಗಿಟ್ಟಳು.

"ಇರ್ಲಿ ಬಿಡಮ್ಮ. ಅಜ್ಜನ ವೇಗದಲ್ಲೇ ಹೋಗೋಣ."

ಟೊಮ್ಯಾಟೊ ಗಿಡಗಳಿಗೆ ನೀರು ಹಾಕಲು ಈ ಸಲ ಪಕ್ಕದ ಮನೆಯವರನ್ನು ಒಪ್ಪಿಸಿದ್ದೇನೆ, ಅಪ್ಪಾ. ಅದರ ಚಿಂತೆ ನಿನಗೆ ಬೇಡ.