ಹಿಂದಕ್ಕೆ ತಿರುಗಿದ ಗಿಳಿ

ಇಳಕಲ್ಲ
17-11-2003, ಸೋಮವಾರ

ಪ್ರೀತಿಯ ಅಣ್ಣ ಶಂಕ್ರಪ್ಪನಿಗೆ ತಂಗಿ ನಾಗರತ್ನಾಳ ನಮಸ್ಕಾರಗಳು.

ನಿನ್ನ ಕೆಮ್ಮು ಹೇಗಿದೆ? ಇಚಲಕರಂಜಿಯ ಆ ಮಗ್ಗದ ಧೂಳಿನಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೋ ಎಂದರೆ ನೀನು ಕಟ್ಟಿಕೊಳ್ಳುವವನಲ್ಲ. ವೈನಿ ಇದ್ದಾಗ ಆಕೆಯ ಬೈಗುಳಕ್ಕಾದರೂ ಹೆದರುತ್ತಿದ್ದೆ, ನಾನು ಇಲ್ಲಿಂದ ಬೈದರೆ ನಿನಗೆಲ್ಲಿ ಕೇಳಬೇಕು! ರಾತ್ರಿ ಬಿಸಿನೀರು ಕುಡಿ. ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಕ್ಷೇಮವಾಗಿದ್ದೇನೆ. ನಿನ್ನ ಮಗಳ ಸುದ್ದಿ ಸಾವಕಾಶ ಹೇಳುತ್ತೇನೆ, ಅವಸರ ಮಾಡದೆ ಓದು.

ವೈನಿ ತೀರಿಕೊಂಡ ವರ್ಷ ತಾಯಿಯಿಲ್ಲದ ಮಾಯಾಳನ್ನು ನನ್ನ ಮನೆಯಲ್ಲಿ ಬಿಟ್ಟು, "ಸಾಲಿ ಅಕ್ಕೋರ ಮನ್ಯಾಗಿದ್ರ ನಾಕ ಅಕ್ಷರ ಕಲೀತಾಳ" ಎಂದಿದ್ದೆ. ಕಲಿಯಲಿಲ್ಲ ಅಣ್ಣಾ. ನನ್ನದೇ ತರಗತಿಯಲ್ಲಿ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು. ಬೈದೆ, ರಮಿಸಿದೆ, ಬಣ್ಣದ ಪೆನ್ನಿನ ಆಸೆ ತೋರಿಸಿದೆ, ಯಾವುದಕ್ಕೂ ಜಗ್ಗಲಿಲ್ಲ. ಹೋದ ವರ್ಷ ನಮ್ಮ ಶಾಲೆಗೆ ಕಂಪ್ಯೂಟರ್ ಬಂದವು. ಮಕ್ಕಳು ಮುಗಿಬಿದ್ದಾಗ ನಾವು ಮಾಸ್ತರರೆಲ್ಲ, ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಎಂದು ನಕ್ಕೆವು. ಅದರಲ್ಲಿ ಚಿತ್ರ ಬರೆಯುವ ಸೌಲಭ್ಯವೊಂದಿದೆ, ಸಣ್ಣ ಸಣ್ಣ ಚೌಕಗಳಿಗೆ ಬಣ್ಣ ತುಂಬುತ್ತ ಹೋಗಬೇಕು. ಉಳಿದ ಮಕ್ಕಳು ಮನೆ, ಧ್ವಜ ಬರೆದರೆ ನಮ್ಮ ಹುಡುಗಿ ಸೀರೆಯ ದಡಿ, ಅಂಚಿನ ಚಿತ್ತಾರ, ಬರೆದಳು. ನೇಕಾರರ ಮನೆಯ ಕೂಸಲ್ಲವೆ, ಚೌಕ ಕಂಡಲ್ಲಿ ಅವಳಿಗೆ ಎಳೆ ಕಂಡಿತು. ಸಾಲಾಗಿ ಗಿಳಿಗಳು, ನಡುನಡುವೆ ಒಂದು ಗಿಳಿ ಮಾತ್ರ ಹಿಂದಕ್ಕೆ ತಿರುಗಿತ್ತು. ಯಾಕೆ ಹೀಗೆ ಎಂದು ಕೇಳಿದರೆ, "ಹಿಂದ ಯಾರರ ಬರಾಕತ್ತಾರೇನ ನೋಡತೈತಿ ಅತ್ತಿ" ಎಂದಳು.

ಅಲ್ಲಿಂದ ಹುಡುಗಿಯೇ ಬೇರೆಯಾದಳು. ಕಂಪ್ಯೂಟರಿನ ಪುಸ್ತಕ ಓದಲು ಇಂಗ್ಲಿಷು ಬೇಕೆಂದು ಇಂಗ್ಲಿಷಿಗೆ ಕೂತಳು, ಚೌಕ ಎಣಿಸುತ್ತ ಗಣಿತದಲ್ಲೂ ಪಾಸಾದಳು. ಹುನಗುಂದದಲ್ಲಿ ಶಿಕ್ಷಕರ ಸಭೆ ಇತ್ತು, ತಂತ್ರಜ್ಞಾನ ಮತ್ತು ಕಲಿಕೆಯ ಪ್ರೇರಣೆ ಎಂಬ ವಿಷಯ. ನಾನು ಮಾಯಾಳ ಕತೆಯನ್ನೇ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಹಿಗ್ಗಿ ಹೀರೆಕಾಯಿಯಾದೆ.

ಆ ದಡಿಯನ್ನು ಕಾಗದದ ಮೇಲೆ ತೆಗೆಸಿ, ಕೆಳಗೆ "ಅಪ್ಪಾ, ಹೆಂಗೈತಿ?" ಎಂದು ಬರೆದು ಜೂನ್‌ನಲ್ಲಿ ನಿನಗೆ ಕಳಿಸಿದ್ದಳು. ಪೋಸ್ಟಿನವನು ಬಂದಾಗಲೆಲ್ಲ ಬಾಗಿಲಿಗೆ ಹೋಗುತ್ತಿದ್ದಳು. ನಿನಗೆ ಎರಡು ಪಾಳಿ ಕೆಲಸವಿರಬೇಕು ಎಂದು ಸಮಾಧಾನ ಹೇಳುತ್ತಿದ್ದೆ. ದೀಪಾವಳಿಗೆ ಸೀರೆ ಕೊಳ್ಳಲು ಇಬ್ಬರೂ ಪೇಟೆಗೆ ಹೋದೆವು. ಅಂಗಡಿಯ ಬಂದೇನವಾಜ "ಇಚಲಕರಂಜಿ ಮಾಲರಿ, ಭಾಳ ಓಡಾಕತ್ತೈತಿ" ಎಂದು ಒಂದು ಸೀರೆ ಬಿಚ್ಚಿ ಹಾಸಿದ. ದಡಿಯಲ್ಲಿ ಅದೇ ಗಿಳಿಗಳು, ನಡುವೆ ಹಿಂದಕ್ಕೆ ತಿರುಗಿದ ಅದೇ ಒಂದು ಗಿಳಿ. ಮಾಯಾ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು "ಅತ್ತಿ, ಇದು ನಂದು!" ಎಂದು ಚೀರಿದಳು. ಆಗಿನ ಅವಳ ಮುಖವನ್ನು ನೀನು ನೋಡಬೇಕಿತ್ತು. ಮನೆ ಮುಟ್ಟುವ ತನಕ "ನಮ್ಮಪ್ಪನ ಹಾಕಿಸ್ಯಾನ" ಎಂಬ ಒಂದೇ ಮಾತು. ಇನ್ನು ಕಾಗದ ಬಂದೇ ಬರುತ್ತದೆ ಎಂದು ಕಾದಳು. ಹಬ್ಬ ಮುಗಿಯಿತು. ಒಂದು ದಿನ ಊಟಕ್ಕೆ ಕೂತಾಗ "ಅಪ್ಪಗ ದಡಿ ಸೇರೇತಿ ಅತ್ತಿ. ನಾ ಬರದದ್ದು ಅಂತ ನೆಪ್ಪಿಲ್ಲ" ಎಂದು ತಾಟು ಸರಿಸಿದಳು.

ಈಗ ಕಂಪ್ಯೂಟರ್ ಅಲ್ಲೇ ಇದೆ, ಕರೆಂಟೂ ಇದೆ, ಅವಳು ಮಾತ್ರ ಮತ್ತೆ ಕಿಟಕಿಯ ಪಕ್ಕ ಕೂತಿದ್ದಾಳೆ. ಹುನಗುಂದದಲ್ಲಿ ನಾನು ಅರ್ಧ ಮಾತ್ರ ಹೇಳಿ ಬಂದೆ. ಯಂತ್ರ ಅವಳ ಕೈಯನ್ನು ಎಬ್ಬಿಸಿತು, ಖರೆ. ಆದರೆ ಆ ಕೈ ಬರೆದದ್ದೆಲ್ಲ ನಿನಗೆ ತೋರಿಸಲಿಕ್ಕೆ. ದಡಿ ತೋರಿಸುವಾಗ ಮಗ್ಗದ ಮಾಲಕರ ಮುಂದೆ ಮಗಳ ಹೆಸರು ಹೇಳಲು ನಿನಗೆ ಬಾಯಿ ಬರಲಿಲ್ಲವೋ, ನಾಲ್ಕನೇ ಇಯತ್ತೆ ಕಲಿತವನಿಗೆ ಪತ್ರ ಬರೆಯಲು ನಾಚಿಕೆಯಾಯಿತೋ, ನಾನರಿಯೆ. ನಿನ್ನ ಮೇಲೆ ಸಿಟ್ಟಿದೆ ಅಣ್ಣಾ. ಅದಕ್ಕಿಂತ ಹೆಚ್ಚು ದುಃಖವಿದೆ.

ವೇಳೆಗೆ ಸರಿಯಾಗಿ ಉಣ್ಣು. ತಾಯಿ ಬನಶಂಕರಿ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ತಂಗಿ
ನಾಗರತ್ನಾ

ತಾ.ಕ.: ಮೊದಲೇ ಬರೆಯಲು ಧೈರ್ಯವಾಗಲಿಲ್ಲ. ಹತ್ತನೆಯ ಪರೀಕ್ಷೆಗೆ ಕೂಡುವುದಿಲ್ಲ ಎಂದು ಮಾಯಾ ಹಟ ಹಿಡಿದಿದ್ದಾಳೆ. ಅರ್ಜಿ ತುಂಬಲು ಮುಂದಿನ ವಾರವೇ ಕೊನೆ. ನಿನ್ನ ಪತ್ರ ಬಂದು ಮುಟ್ಟುವಷ್ಟು ದಿನ ಉಳಿದಿಲ್ಲ. ಇಮಾಮಹುಸೇನನ ಎಸ್‌ಟಿಡಿ ಅಂಗಡಿಯ ನಂಬರು ಹಾಳೆಯ ಹಿಂದಿದೆ. ಇದೇ ಭಾನುವಾರ ಬೆಳಿಗ್ಗೆ ಅಲ್ಲಿಗೆ ಫೋನ್ ಮಾಡು, ಅವಳನ್ನು ಕರೆದುಕೊಂಡು ಹೋಗಿ ಅಲ್ಲೇ ಕೂತಿರುತ್ತೇನೆ. ಪರೀಕ್ಷೆಯ ಮಾತು ಎತ್ತಬೇಡ, ದಡಿಯ ಮಾತಾಡು. ಅವಳು ಏನೂ ಮಾತಾಡದಿದ್ದರೂ ಫೋನ್ ಇಡಬೇಡ.