ಗುರುವಾರ ಡಾಕ್ಟರಿಗೆ ಹೇಳಬೇಕಾದದ್ದು

ಅಶೋಕಪುರಂ, ಮೈಸೂರು
೧೮ ಮೇ ೨೦೨೫, ಭಾನುವಾರ

ಪ್ರೀತಿಯ ಮಗಳು ಧರಣಿಗೆ,

ಆಶೀರ್ವಾದವನ್ನು ಮೊದಲ ಸಾಲಿನಲ್ಲೇ ಬರೆಯುವುದು ನನ್ನ ರೂಢಿ. ಇವತ್ತು ಅದನ್ನು ಕೊನೆಗಿಟ್ಟುಕೊಂಡಿದ್ದೇನೆ. ಓದಿ ಮುಗಿಸುವ ಹೊತ್ತಿಗೆ ನಿನಗೆ ಬೇಕೆನಿಸಿದರೆ ತಗೋ.

ಒಂದೇ ಊರಿನಲ್ಲಿದ್ದುಕೊಂಡು ಅಪ್ಪ ಪತ್ರ ಬರೆಯುತ್ತಾನಲ್ಲ ಎಂದು ನಗಬೇಡ. ಇಲ್ಲಿಂದ ಹೂಟಗಳ್ಳಿಯ ನಿಮ್ಮ ಮನೆಗೆ ಎರಡು ಬಸ್ಸು ಹತ್ತಿದರೆ ಆಯಿತು, ವಾರಕ್ಕೆರಡು ಸಲ ಬರುತ್ತಲೂ ಇದ್ದೇನೆ. ನೀನು ಕಾಫಿ ತಂದು ಸ್ಟೂಲಿನ ಮೇಲಿಟ್ಟು "ತಗೊಳ್ಳಿ" ಎಂದು ಒಳಗೆ ಹೋಗುತ್ತೀಯ. ನಾನು ನಿಮ್ಮಮ್ಮನ ಮಂಚದ ಪಕ್ಕ ಕೂತು, ಬಿಸಿಲು ಎಷ್ಟು, ಬಸ್ಸಿನಲ್ಲಿ ಜನ ಎಷ್ಟು ಎಂದು ಹೇಳಿ ಎದ್ದು ಬರುತ್ತೇನೆ. ಹೇಳಬೇಕಾದ್ದನ್ನು ಹೇಳಲು ಎಷ್ಟು ಸಲ ಬಾಯಿ ತೆರೆದೆನೋ ಲೆಕ್ಕವಿಲ್ಲ. ಮೂರು ತಿಂಗಳು ತಡವಾಗಿದೆ. ಕ್ಷಮೆ ಕೇಳುವುದು ಆ ತಡಕ್ಕೆ ಮಾತ್ರವಾಗಿದ್ದರೆ ಈ ಪತ್ರ ಅರ್ಧ ಪುಟದಲ್ಲಿ ಮುಗಿಯುತ್ತಿತ್ತು.

ನಾನು ಕ್ಷೇಮ. ಅನ್ನ ಸಾರು ಮಾಡಿಕೊಳ್ಳುತ್ತೇನೆ. ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಮರೆತೇ ಹೋಗಿರುತ್ತದೆ. ನಮ್ಮ ಬೀದಿಯಲ್ಲಿ ಚರಂಡಿಗೆಂದು ಮತ್ತೆ ಅಗೆದಿದ್ದಾರೆ. ಮೂಲೆಮನೆಯ ವಿಶ್ವನಾಥ್ ಬಂದು, "ನೋಡುದ್ರಾ ಸಾರ್, ಎಂಗ್ ಮಾಡವ್ರೆ ಅಂತ? ಪೇಪರ್‌ಗೆ ಒಂದು ಬಿಗಿಯಾಗಿ ಬರೀರಿ" ಎಂದ. ಆಗುವುದಿಲ್ಲ ಎಂದೆ. ಯಾಕೆ ಎಂದ. ಪೆನ್ನು ಕೆಟ್ಟಿದೆ ಎಂದೆ. "ಪೆನ್ನಾ? ನಾನ್ ತಂದ್ಕೊಡ್ಲಾ?" ಎಂದು ನನ್ನ ಮುಖವನ್ನೇ ನೋಡಿಕೊಂಡು ಹೋದ.

ಮೂವತ್ತೆಂಟು ವರ್ಷ ಪತ್ರಿಕೆಗಳಿಗೆ ಪತ್ರ ಬರೆದವನು ನಾನು. ನಲ್ಲಿ ನೀರು, ಬೀದಿ ದೀಪ, ಗ್ರಂಥಾಲಯದಲ್ಲಿ ಕುರ್ಚಿಯಿಲ್ಲದ್ದು, ಎತ್ತಿಹಾಕಿದ ಮೇಲೆ ಮತ್ತೆ ಮುಚ್ಚದ ಕಲ್ಲುಚಪ್ಪಡಿ. ಯಾವ ವರ್ಷ ಯಾವ ರಸ್ತೆಯನ್ನು ಎಷ್ಟು ಸಲ ಅಗೆದರು ಎಂದು ತಾರೀಖಿನ ಸಮೇತ ಹೇಳುತ್ತಿದ್ದೆ. ಎಲ್ಲ ಪತ್ರಗಳ ಕೊನೆಗೂ ಒಂದೇ ಸಾಲು: ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ? ನೀನು ಚಿಕ್ಕವಳಿದ್ದಾಗ ಒಂದು ದಿನ, "ಅಪ್ಪ, ಸಂಬಂಧಪಟ್ಟವರು ಅಂದ್ರೆ ಯಾರು? ಅವರ ಮನೆ ಎಲ್ಲಿದೆ?" ಎಂದು ಕೇಳಿದ್ದೆ. ನಾನು ನಕ್ಕು ನಿನ್ನನ್ನು ಎತ್ತಿಕೊಂಡಿದ್ದೆ. ಈಗ ಗೊತ್ತಾಗಿದೆ ಅವರ ಮನೆ ಎಲ್ಲಿದೆ ಎಂದು.

ಈ ಪತ್ರದ ಜೊತೆ ಅಮರ್ ಕೈಯಲ್ಲಿ ಒಂದು ಡಬ್ಬ ಕಳಿಸಿದ್ದೇನೆ. ಅಳಿಯಂದಿರಿಗೆ ಅದರಲ್ಲೇನಿದೆ ಎಂದು ನಾನು ಹೇಳಿಲ್ಲ. ಬಹುಶಃ ನೀನು ಪತ್ರಕ್ಕಿಂತ ಮೊದಲು ಅದನ್ನೇ ತೆರೆದಿರುತ್ತೀಯ. ತೆರೆದಿಲ್ಲವಾದರೆ ಈಗ ತೆರೆ.

ಹೌದು, ನೀನು ಸಂಕ್ರಾಂತಿಗೆ ಅಮ್ಮನಿಗೆ ತಂದುಕೊಟ್ಟ ಚಪ್ಪಲಿಯೇ. ಅಡಿ ನೋಡು. ಅಂಗಡಿಯವರು ಅಂಟಿಸಿದ ಚೀಟಿ ಇನ್ನೂ ಹಾಗೇ ಇದೆ. ಒಂದು ದಿನವೂ ಅವಳು ಅದನ್ನು ಮೆಟ್ಟಲಿಲ್ಲ. "ಏಪ್ರಿಲ್ ಹದ್ನಾಲ್ಕಕ್ಕೆ ಜಯಂತಿ ಮೆರವಣಿಗೆಗೆ ಹಾಕ್ಕತೀನಿ, ಅಲ್ಲೀಗಂಟ ಇರ್ಲಿ ಬುಡಿ" ಎಂದು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದಳು. ಈ ಸಲದ ಹದಿನಾಲ್ಕರಂದು ಅವಳು ನಿಮ್ಮ ಮನೆಯ ಮಂಚದ ಮೇಲಿದ್ದಳು.

ಫೆಬ್ರವರಿ ಇಪ್ಪತ್ತನಾಲ್ಕರ ಸೋಮವಾರ ಆಸ್ಪತ್ರೆಯಲ್ಲಿ ನಾನು ನಿನಗೆ ಅಂದದ್ದನ್ನು ನೀನು ಮರೆತಿರುವುದಿಲ್ಲ. ನಾನೂ ಮರೆತಿಲ್ಲ. ನಿಮ್ಮ ಅತ್ತೆಯವರಿದ್ದರು, ನಿನ್ನ ಚಿಕ್ಕಮ್ಮಂದಿರಿಬ್ಬರಿದ್ದರು. ಅಮ್ಮನನ್ನು ಎಕ್ಸ್‌ರೇಗೆ ಒಳಗೆ ಕರೆದೊಯ್ದಿದ್ದರು. ನೀನು ಶಾಲೆಯಿಂದ ಓಡಿಬಂದು, ಸೀಮೆಸುಣ್ಣದ ಪುಡಿ ಮೆತ್ತಿದ್ದ ಕೈಯಲ್ಲೇ ನನ್ನ ತೋಳು ಹಿಡಿದು, "ಎಂಗಾಯ್ತಪ್ಪ?" ಎಂದೆ. ಅಷ್ಟೇ ಕೇಳಿದ್ದು ನೀನು. ಅದಕ್ಕೆ ನಾನು, "ನೀನ್ ತಂದ್ಕೊಟ್ಯಲ್ಲ ಜಾರೋ ಚಪ್ಪಲಿ, ಅದ್ರಿಂದಾನೇ ಆಗಿದ್ದು. ಶೋಕಿ ನೋಡ್ತೀಯ, ಅಮ್ಮನ ವಯಸ್ಸು ನೋಡ್ತೀಯಾ? ಮೇಡಂ ಅಂತೆ ಮೇಡಂ" ಎಂದೆ. ಇಡೀ ವರಾಂಡ ತಿರುಗಿ ನೋಡಿತು. ನೀನು, "ಓಗ್ಲಿ ಬುಡಿ ಅಪ್ಪ, ಈಗ ಅಮ್ಮನ್ನ ನೋಡವ" ಎಂದು ಗೋಡೆಯ ಕಡೆ ತಿರುಗಿ ನಿಂತೆ. ಸಂಜೆ "ಆ ಚಪ್ಪಲಿ ಎಲ್ಲಿ?" ಎಂದು ಕೇಳಿದಾಗ, ಕಸದ ಗಾಡಿಗೆ ಹಾಕಿಬಿಟ್ಟೆ ಎಂದೆ.

ಅದೂ ಸುಳ್ಳು, ಇದೂ ಸುಳ್ಳು. ಹೇಳುವಾಗಲೇ ಗೊತ್ತಿತ್ತು.

ಅಮ್ಮ ಬಿದ್ದದ್ದು ಆ ದಿನವೇ ಮೊದಲಲ್ಲ ಧರಣಿ. ಅದು ಮೂರನೆಯ ಸಲ.

ನಿವೃತ್ತನಾಗುವ ಮುಂಚೆ ಹನ್ನೊಂದು ವರ್ಷ ವರ್ಕ್‌ಶಾಪಿನಲ್ಲಿ ಸೇಫ್ಟಿ ಪುಸ್ತಕ ನನ್ನ ಕೈಯಲ್ಲಿತ್ತು. ಊಟಕ್ಕೆ ಕೂತಾಗಲೆಲ್ಲ ಹೇಳಿ ಹೇಳಿ ನಿನಗೆ ಬಾಯಿಪಾಠ ಮಾಡಿಸಿದ ಕಥೆ ಅದು. ಗಾಯವಾಗಲಿ ಬಿಡಲಿ, ಯಾರಾದರೂ ಎಡವಿದರೆ, ಜಾರಿದರೆ, ಕೈಯಿಂದ ಸ್ಪ್ಯಾನರ್ ಬಿದ್ದರೆ, ಎಲ್ಲಿ, ಎಷ್ಟು ಹೊತ್ತಿಗೆ, ಯಾಕೆ ಎಂದು ಬರೆಯಬೇಕು. ಸಣ್ಣದನ್ನು ಬರೆಯದ ಕಡೆ ದೊಡ್ಡದು ಆಗಿಯೇ ಆಗುತ್ತದೆ ಎಂಬುದು ಅದರ ನಿಯಮ. ಶಿವಪ್ರಕಾಶ್ ಲೇತಿನ ಪಕ್ಕ ಎಣ್ಣೆಯ ಮೇಲೆ ಜಾರಿ ಬಿದ್ದು, ತಾನೇ ಎದ್ದು ನಗುತ್ತಾ ಬಂದು, "ಬರೀಬ್ಯಾಡಿ ಮಾದೇವಣ್ಣ, ಏನೂ ಆಗಿಲ್ಲ. ಎಲ್ರೂ ಆಡ್ಕತಾರೆ" ಎಂದು ಕೈ ಮುಗಿದಿದ್ದ. "ಬಿದ್ದೋನು ನೀನಲ್ಲ ಕಣಯ್ಯ, ಬೀಳ್ಸಿದ್ದು ನೆಲ. ಬರೀದಿದ್ರೆ ನಾಳೆ ಇನ್ನೊಬ್ಬನ್ನ ಬೀಳ್ಸುತ್ತೆ" ಎಂದು ಅವನ ಎದುರೇ ಬರೆದಿದ್ದೆ. ಆ ಮಾತನ್ನು ಎಷ್ಟು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ!

ಈಗ ಆ ಪುಸ್ತಕದಲ್ಲಿ ಬರೆಯುತ್ತಿದ್ದಂತೆಯೇ ಬರೆಯುತ್ತೇನೆ. ಈ ಭಾಗವನ್ನು ಗುರುವಾರ ಡಾಕ್ಟರ್ ಹತ್ತಿರ ಹೋಗುವಾಗ ತೆಗೆದುಕೊಂಡು ಹೋಗು.

ಮೊದಲನೆಯದು ಹೋದ ವರ್ಷ ಜೂನ್ ಹನ್ನೊಂದು, ಬೆಳಿಗ್ಗೆ ಏಳೂವರೆ. ಹಾಲು ತರುವಾಗ ನಮ್ಮ ಬೀದಿಯ ತಿರುವಿನಲ್ಲಿ ಚಪ್ಪಡಿ ಅಲುಗಾಡಿ ಬಿದ್ದಳು. ಮೊಣಕಾಲು ತರಚಿತು. ನಾನು ಅವಳಿಗೆ ಅರಿಶಿನ ಹಚ್ಚುವ ಮೊದಲು ಪತ್ರಿಕೆಗೆ ಪತ್ರ ಬರೆದೆ. "ಹಿರಿಯ ನಾಗರಿಕರೊಬ್ಬರು" ಎಂದು ಬರೆದೆ, ನನ್ನ ಹೆಂಡತಿ ಎಂದು ಬರೆಯಲಿಲ್ಲ. ಹದಿನೈದು ದಿನದಲ್ಲಿ ಚಪ್ಪಡಿ ಬದಲಾಯಿತು. ಬೀದಿಯವರೆಲ್ಲ ನನ್ನನ್ನು ಹೊಗಳಿದರು. ಅವಳು ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯಲು ಶುರು ಮಾಡಿದ್ದು ಆಗಲೇ. ನಾನು ನೋಡಿದ್ದೆ.

ಎರಡನೆಯದು ದಸರಾ ರಜೆಗೆ ಮೊಮ್ಮಗ ಗಗನ ಬಂದು ಹೋದ ಮರುದಿನ. ಬಚ್ಚಲಲ್ಲಿ ಎಡಗೈ ಊರಿ ಬಿದ್ದಳು. ಮಣಿಕಟ್ಟು ಊದಿಕೊಂಡಿತು. ಒಂದು ತಿಂಗಳು ಎಣ್ಣೆ ತಿಕ್ಕಿದೆ, ಬಟ್ಟೆ ಸುತ್ತಿದೆ. ನೀನು ಫೋನಿನಲ್ಲಿ "ಅಮ್ಮ ಯಾಕೆ ಚಪಾತಿ ಮಾಡಿಲ್ವಂತೆ?" ಎಂದು ಕೇಳಿದಾಗ, ಗೋಧಿ ಹಿಟ್ಟಿಗೆ ಹುಳ ಬಿದ್ದಿದೆ ಎಂದೆ. ಎಕ್ಸ್‌ರೇ ತೆಗೆಸಲಿಲ್ಲ. ಅವಳು ಈಗಲೂ ಆ ಕೈಯಲ್ಲಿ ಚೊಂಬು ಎತ್ತುವುದಿಲ್ಲ, ಗಮನಿಸಿದ್ದೀಯಾ? ಅದು ಆಗಲೇ ಬಿರುಕು ಬಿಟ್ಟಿರಬಹುದು. ಗುರುವಾರ ಆ ಕೈಯನ್ನೂ ತೋರಿಸು.

"ಧರಣಿಗೆ ಯೋಳ್‌ಬ್ಯಾಡಿ" ಎಂದು ಅವಳೇ ಅಂದಳು ಎಂದು ಬರೆದರೆ ನನಗೆ ಸುಲಭ. ಅವಳು ಅನ್ನಲಿಲ್ಲ. "ಮಗೀಗೆ ಒಂದ್ ಮಾತು ಯೋಳವಾ?" ಎಂದೇ ಕೇಳಿದಳು. ಬೇಡ ಎಂದವನು ನಾನು. ಹೇಳಿದರೆ ನೀನು ಅವಳನ್ನು ಹೂಟಗಳ್ಳಿಗೆ ಕರೆದುಕೊಂಡು ಹೋಗುತ್ತೀಯ, ನನ್ನ ಕಾಫಿ, ನನ್ನ ಪೇಪರು, ನನ್ನ ಬೀದಿ ಎಲ್ಲವೂ ಅಲ್ಲಾಡುತ್ತದೆ ಎಂಬ ಹೆದರಿಕೆ. ಊರಿನ ಚಪ್ಪಡಿಗಳ ಬಗ್ಗೆ ಬರೆಯುವವನ ಮನೆಯ ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ ಇರಲಿಲ್ಲ ಎಂದು ಜನ ಆಡಿಕೊಂಡಾರು ಎಂಬ ನಾಚಿಕೆ ಬೇರೆ. ಶಿವಪ್ರಕಾಶನಿಗೆ ನಾನು ಬೈದದ್ದು ಇದಕ್ಕೇ ಅಲ್ಲವೇ?

ಡಿಸೆಂಬರಿನಲ್ಲಿ ಬಿಪಿ ತೋರಿಸಲು ಹೋದಾಗ ಡಾಕ್ಟರ್ ದಿವ್ಯ ಅವಳನ್ನು ಕೇಳಿದರು, "ಅಮ್ಮ, ಈ ಒಂದು ವರ್ಷದಲ್ಲಿ ಎಲ್ಲಾದ್ರೂ ಬಿದ್ದಿದ್ರಾ?" ನಿಮ್ಮಮ್ಮ ನನ್ನ ಮುಖ ನೋಡಿದಳು. ಪ್ರಶ್ನೆ ಕೇಳಿದ್ದು ಅವಳನ್ನು. ಉತ್ತರ ಕೊಟ್ಟವನು ನಾನು. "ಇಲ್ಲ ಡಾಕ್ಟ್ರೇ, ಗಟ್ಟಿಮುಟ್ಟಾಗಿದಾಳೆ." ಡಾಕ್ಟರ್ "ಗುಡ್" ಎಂದು ಏನನ್ನೋ ಬರೆದುಕೊಂಡರು. ಬಿದ್ದಿದ್ದಾಳೆ ಎಂದಿದ್ದರೆ ಆ ದಿನವೇ ಮೂಳೆ ಪರೀಕ್ಷೆಗೆ ಕಳಿಸುತ್ತಿದ್ದರು ಎಂದು ಈಗ ತಿಳಿದಿದ್ದೇನೆ. ಸೊಂಟದ ಆಪರೇಷನ್ ಆದ ಮೇಲೂ ಅವರು ಮತ್ತೆ ಕೇಳಿದರು: "ಒಂದು ಸಲ ಬಿದ್ದೋರು ಮತ್ತೆ ಬೀಳೋದು ಜಾಸ್ತಿ ಸಾರ್. ಮುಂಚೆ ಏನಾದ್ರೂ ಮುರಿದಿದ್ರೆ ಇನ್ನೂ ಹುಷಾರಾಗಿರ್ಬೇಕು. ಮಾತ್ರೆ ಸಾಕೋ ಇಂಜೆಕ್ಷನ್ ಕೊಡ್ಬೇಕೋ ಅಂತ ನೋಡ್ಬೇಕಲ್ಲ. ಇದೇ ಮೊದಲನೇ ಸಲಾನಾ?" ಮಂಚದ ಆಚೆ ನೀನು ನಿಂತಿದ್ದೆ. ನಾನು ಹೌದು ಎಂದೆ.

ಆದ್ದರಿಂದ ಅವರ ಕಾಗದದಲ್ಲಿ ಈಗಲೂ ತಪ್ಪು ಇದೆ. ಅವಳಿಗೆ ಕೊಡುತ್ತಿರುವ ಔಷಧಿ ನನ್ನ ಸುಳ್ಳಿನ ಅಳತೆಯದು. ಗುರುವಾರ ನೀನು ಅದನ್ನು ತಿದ್ದಿಸಬೇಕು. ನಾನೂ ಬರುತ್ತೇನೆ, ಬೇಡವೆಂದರೆ ಹೊರಗೆ ಕೂರುತ್ತೇನೆ. ಆದರೆ ಪ್ರಶ್ನೆಗೆ ಉತ್ತರವನ್ನು ಅಮ್ಮನೇ ಕೊಡಲಿ. ನನ್ನ ಕಡೆ ನೋಡದ ಹಾಗೆ ಅವಳ ಕುರ್ಚಿಯನ್ನು ತಿರುಗಿಸಿ ಹಾಕು.

ಬಚ್ಚಲಿಗೆ ಕಂಬಿ ಹಾಕಿಸಿದ್ದೇನೆ, ಮೆಟ್ಟಿಲಿಗೂ. ನೆಲ ಒರಟು ಮಾಡಿಸಿದ್ದೇನೆ. ಅವಳನ್ನು ಕಳಿಸು ಎಂದು ಕೇಳಲು ಇದನ್ನು ಬರೆಯುತ್ತಿಲ್ಲ. ಅವಳು ಎಲ್ಲಿರಬೇಕು ಎಂಬುದನ್ನು ಅವಳನ್ನೇ ಕೇಳು. ನಾನು ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ.

ಚಿಕ್ಕಮ್ಮಂದಿರಿಗೆ ನಿನ್ನೆ ಫೋನ್ ಮಾಡಿ ಚಪ್ಪಲಿಯ ವಿಷಯ ಹೇಳಿದೆ. ದೊಡ್ಡವಳು ಇನ್ನೊಂದು ಸಲ ಹೇಳಿಸಿದಳು. ಆಮೇಲೆ, "ಅಲ್ಲ ಭಾವ, ಪೇಪರ್‌ನಲ್ಲಿ ಊರ್‌ಗೆಲ್ಲ ಬುದ್ಧಿ ಯೋಳ್ತಿದ್ರಲ್ಲ" ಎಂದಳು. ನಿಮ್ಮ ಅತ್ತೆಯವರ ಮುಂದೆ ಗುರುವಾರ ನಾನೇ ಹೇಳುತ್ತೇನೆ. ವರಾಂಡದಲ್ಲಿ ಅಂದದ್ದನ್ನು ಅಡುಗೆಮನೆಯಲ್ಲಿ ಪಿಸುಗುಟ್ಟಿ ಹಿಂತೆಗೆದುಕೊಳ್ಳಬಾರದು.

ನಿನಗೆ, ಅಮರ್‌ಗೆ, ಗಗನನಿಗೆ ಒಳ್ಳೆಯದಾಗಲಿ. ನಿನ್ನ ಕೈ ಹಿಡಿದು ನಡೆಯುವವರು ಯಾರೂ ಬೀಳದಿರಲಿ.

ನಿನ್ನ ಅಪ್ಪ,
ಮಹದೇವಯ್ಯ

ತಾ.ಕ.: ಮೂರನೆಯದನ್ನು ಬರೆಯಲೇ ಇಲ್ಲ. ಕಾಗದ ಮಡಿಸಿ, ಮತ್ತೆ ಬಿಚ್ಚಿದ್ದೇನೆ.

ಫೆಬ್ರವರಿ ಇಪ್ಪತ್ತನಾಲ್ಕು, ಬೆಳಿಗ್ಗೆ ಎಂಟೂ ಕಾಲು. ಆ ದಿನ ಪತ್ರಿಕೆಯಲ್ಲಿ ನನ್ನ ಪತ್ರ ಬಂದಿತ್ತು. ನನ್ನ ಪತ್ರ ಬಂದ ದಿನ ಅವಳನ್ನು ಜಗುಲಿಗೆ ಕರೆದು ಓದಿ ಹೇಳುವುದು, ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ "ಸಂದಾಗ್ ಬರ್ದಿದೀರಿ" ಎನ್ನುವುದು ನಮ್ಮ ಮನೆಯ ಪದ್ಧತಿ, ನಿನಗೆ ಗೊತ್ತು. ಅವಳು ಅಡುಗೆಮನೆ ನೆಲ ಒರೆಸುತ್ತಿದ್ದಳು. "ಬಂದೆ, ನೆಲ ವದ್ದೆ ಅದೆ, ವಸಿ ತಡೀರಿ" ಎಂದಳು. ಎರಡನೇ ಸಲ ಕರೆದೆ. ಮೂರನೇ ಸಲ ಕೂಗಿದೆ: "ಏನೇ, ಬರ್ತೀಯೋ ಇಲ್ವೋ?" ಬರಿಗಾಲಲ್ಲಿ ಓಡಿಬರುತ್ತಾ ಆ ಒದ್ದೆ ನೆಲದಲ್ಲೇ ಜಾರಿದಳು. ಪತ್ರ ಇದ್ದದ್ದು ಹಿರಿಯ ನಾಗರಿಕರು ಬೀಳದಂತೆ ಏನೇನು ಮಾಡಬೇಕು ಎಂಬುದರ ಬಗ್ಗೆ.

ಇದನ್ನು ಅವಳು ಇದುವರೆಗೆ ಯಾರಿಗೂ ಹೇಳಿಲ್ಲ. ಮೊನ್ನೆ ನಡಿಗೆ ಕಲಿಸಲು ಬರುವ ಹುಡುಗಿ "ಎಂಗ್ ಬಿದ್ರಿ ಅಜ್ಜಿ?" ಎಂದಾಗ, "ನಂದೇ ಆತುರ ಕಣವ್ವ" ಎಂದಳು. ನಾನು ಅಲ್ಲೇ ಕೂತಿದ್ದೆ.

ಈ ಪತ್ರವನ್ನು ಅವಳಿಗೂ ಓದಿ ಹೇಳು. ಓದಲೆಂದು ಅವಳನ್ನು ಕರೆಯಬೇಡ. ಅವಳಿರುವಲ್ಲಿಗೆ ನೀನೇ ಹೋಗು.