ಕಟ್ಟಾಯದಲ್ಲಿ ಸಿಕ್ಕದ ನಾಣ್ಯ

ಜೂನ್ 3, ಸೋಮವಾರ

ನಾಣ್ಯಗಳನ್ನು ನೆನೆಹಾಕಿದ್ದ ನೀರು ಬದಲಾಯಿಸಿದೆ. ಡಿಸ್ಟಿಲ್ಡ್ ವಾಟರ್, ಬ್ಯಾಟರಿ ಅಂಗಡಿಯಿಂದ ತಂದದ್ದು. ಮಣ್ಣು ಮೆತ್ತಿ ಉಂಡೆಯಾಗಿದ್ದವುಗಳಲ್ಲಿ ಒಂದು ಇವತ್ತು ಬಾಯಿಬಿಟ್ಟಿತು. ಮೆತ್ತಗೆ ಬ್ರಷ್ ಆಡಿಸುತ್ತಿದ್ದಂತೆ ರೋಮಿನ ಯಾರೋ ಚಕ್ರವರ್ತಿಯ ಮೂಗು, ಗದ್ದ, ಹಣೆಗೆ ಕಟ್ಟಿದ ಪಟ್ಟಿ. ಹೆಸರು ಇನ್ನೂ ಕಾಣಿಸುತ್ತಿಲ್ಲ. ಆತುರವಿಲ್ಲ. ಇಷ್ಟು ಶತಮಾನ ಕಾದವನು ಇನ್ನೊಂದು ವಾರ ಕಾಯಲಿ.

ಅತ್ತೆ ಮತ್ತೆ ಬಾಟಲಿಯ ಮುಚ್ಚಳ ತೆಗೆದು ಮೂಸಿದರು. ‘ಅಡುಗೆ ಮನೇಲಿ ಇಡಬೇಡ ಪ್ರಾರ್ಥನಾ. ಯಾರ್ಯಾರು ಮುಟ್ಟಿದ್ದೋ ಏನೋ.’ ಯಾರ್ಯಾರೋ ಮುಟ್ಟಿದ್ದು ಅಂತಲೇ ಅಲ್ಲವೇ ನಾನು ಇಟ್ಟುಕೊಂಡಿರುವುದು. ಬಾಟಲಿಯನ್ನು ನಮ್ಮ ಅಂಗಡಿಗೆ ತಂದುಬಿಟ್ಟೆ. ನಾಣ್ಯ ನೋಡಲು ಕನ್ನಡಕದ ಅಂಗಡಿಯಲ್ಲಿ ಲೆನ್ಸಿಗೇನು ಬರವೇ.

ಹಳೇ ನಾಣ್ಯ ಎಂದರೆ ಚನ್ನರಾಯಪಟ್ಟಣದ ಜನ ಚಿನ್ನ ಎಂದುಕೊಳ್ಳುತ್ತಾರೆ. ನನ್ನವೆಲ್ಲ ತಾಮ್ರ, ಕಂಚು. ಸವೆದವು. ಬೆಂಗಳೂರಿನ ಡೀಲರ್ ಹತ್ತಿರ ಬಿಲ್ ಸಮೇತ ಕೊಂಡವು. ಸಾಧಾರಣ ಫ್ರೇಮಿನ ಬೆಲೆಯೂ ಇಲ್ಲ. ಆ ಕಾಲದಲ್ಲೂ ಸೊಪ್ಪು, ರೊಟ್ಟಿ ಕೊಳ್ಳುವ ಚಿಲ್ಲರೆಯೇ. ಅದಕ್ಕೇ ಇಷ್ಟ.

ಹಾಸನದ ಪಂಚಾಕ್ಷರಯ್ಯನವರು — ರಿಟೈರ್ಡ್ ಹಿಸ್ಟರಿ ಲೆಕ್ಚರರ್, ಅಲ್ಲಿನ ಇತಿಹಾಸ ಕೂಟದ ಅಧ್ಯಕ್ಷರು — ಮಾರ್ಚಿನಲ್ಲಿ ತರಿಸಿಕೊಂಡ ನನ್ನ ಪೂರ್ವ ರೋಮಿನ, ಅಂದರೆ ಬೈಜಾಂಟೈನ್ ನಾಣ್ಯ ಇನ್ನೂ ವಾಪಸ್ ಬಂದಿಲ್ಲ. ಕಾಲೇಜು ಮಕ್ಕಳಿಗೆ ತೋರಿಸಿ ಕೊಡುತ್ತೇನೆ ಎಂದಿದ್ದರು. ಫೋನ್ ಮಾಡಿದರೆ ‘ಮೀಟಿಂಗ್‌ನಲ್ಲಿದ್ದೀನಮ್ಮ.’

ಜೂನ್ 9, ಭಾನುವಾರ

ಪೇಪರಿನಲ್ಲಿ ನನ್ನ ನಾಣ್ಯ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಕೆಟ್ಟರೆ ಕೆಡಲಿ.

‘ಕಟ್ಟಾಯದ ಹೊಲದಲ್ಲಿ ಬೈಜಾಂಟೈನ್ ನಾಣ್ಯ. ಹೊಯ್ಸಳರ ಕಾಲದ ಸಾಗರೋತ್ತರ ವ್ಯಾಪಾರಕ್ಕೆ ಸಾಕ್ಷಿ.’ ಹಾಸನದ ಹತ್ತಿರದ ಆ ಊರಿನ ದೇವಯ್ಯ ಎಂಬ ರೈತರು ಕೃಷಿ ಹೊಂಡ ತೆಗೆಸಿದ ಮಣ್ಣಿನಲ್ಲಿ ಸಿಕ್ಕಿತಂತೆ. ಪತ್ತೆ ಹಚ್ಚಿದವರು ಪಂಚಾಕ್ಷರಯ್ಯನವರಂತೆ. ಅಂಗೈ ಮೇಲಿಟ್ಟುಕೊಂಡು ನಗುತ್ತಿರುವ ಫೋಟೊ. ಲೆನ್ಸ್ ಹಿಡಿದು ನೋಡಿದೆ. ಯೇಸುವಿನ ಮುಖ, ಕೆನ್ನೆಯ ಮೇಲೆ ಓರೆ ಗೀರು. ಆ ಗೀರು ನನ್ನದು. ಕೊಳೆ ತೆಗೆಯುವಾಗ ಸೂಜಿ ಜಾರಿ ಆದದ್ದು.

ಫೋನ್ ಮಾಡಿದೆ. ಈ ಸಲ ಮೀಟಿಂಗ್ ಇರಲಿಲ್ಲ.

‘ದುಡುಕಬೇಡಮ್ಮ. ನಿನ್ನ ಡಬ್ಬೀಲಿ ಸುಮ್ಮನೆ ಬಿದ್ದಿದ್ದು ಈಗ ಜಿಲ್ಲೆಗೆ ಹೆಸರು ತರ್ತಿದೆ. ವ್ಯಾಪಾರ ಇದ್ದೇ ಇತ್ತು. ಪುರಾವೆ ಸಿಕ್ಕಿರಲಿಲ್ಲ, ಅಷ್ಟೆ.’

‘ಈಗಲೂ ಸಿಕ್ಕಿಲ್ಲ ಸರ್. ಅದು ನಾನು ಕೊಟ್ಟಿದ್ದು.’

‘ಇದರಿಂದ ಯಾರಿಗೆ ನಷ್ಟ ಹೇಳು.’ ಫೋನ್ ಇಟ್ಟರು.

ಭರತೇಶ್ ತಿಂಡಿ ತಿನ್ನುತ್ತಲೇ ಹೇಳಿದರು. ‘ಬಿಟ್ಟಾಕು. ಅವರು ದೊಡ್ಡ ಮನುಷ್ಯರು. ನಾಳೆ ನಿನ್ನ ಡಬ್ಬೀನೂ ನೋಡ್ತೀವಿ ಅಂತ ಪೊಲೀಸ್ರು ಬಂದ್ರೆ?’ ಬರಲಿ. ಗಂಡನಿಗೂ ಕಳ್ಳನಿಗಿಂತ ಕಳಕೊಂಡವಳ ಮೇಲೇ ಅನುಮಾನ.

ಜೂನ್ 11

ಪೇಪರಿನವರಿಗೆ ಫೋನ್ ಮಾಡಿದೆ. ವರದಿಗಾರ ಪೂರ್ತಿ ಕೇಳಿಸಿಕೊಂಡ. ಆಮೇಲೆ — ‘ಮೇಡಂ, ನೀವು ಕನ್ನಡಕದ ಅಂಗಡಿಯವರಲ್ವಾ? ಅವರು ಲೆಕ್ಚರರ್.’ ಪುರಾವೆ ಕಳಿಸುತ್ತೇನೆ ಎಂದೆ. ಕಳಿಸಿದೆ. ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ.

ಜೂನ್ 21, ಶುಕ್ರವಾರ

ಬೆಳಿಗ್ಗೆ ಫ್ರೇಮ್ ರಿಪೇರಿಗೆ ಬಂದ ಹೆಂಗಸು ಕಟ್ಟಾಯದವಳು. ಮಾತಿಗೆ ಮಾತು ಬಂದು ಹೇಳಿದಳು — ದೇವಯ್ಯನ ಹೊಲವನ್ನು ನಿಧಿ ಹುಡುಕುವವರು ಅಗೆದು ಹಾಕಿದ್ದಾರೆ ಎಂದು. ಶಟರ್ ಎಳೆದೆ. ‘ಕಾರ್ ತೆಗೀರಿ’ ಎಂದೆ ಭರತೇಶ್‌ಗೆ. ನನ್ನ ಮುಖ ನೋಡಿ ತೆಗೆದರು.

ಹೊಲದ ತುಂಬ ಶುಂಠಿ ಮಡಿಗಳು. ಮೊಳಕೆ ಬಂದಿತ್ತು, ಅದನ್ನೆಲ್ಲ ತುಳಿದಿದ್ದಾರೆ. ಎಲ್ಲಿ ನೋಡಿದರೂ ಗುಂಡಿ. ದೇವಯ್ಯನವರ ಹೆಂಡತಿ ನೀಲಾಂಬಿಕೆ ಒಬ್ಬರೇ ಮಣ್ಣು ಎಳೆದು ಮುಚ್ಚುತ್ತಿದ್ದರು.

‘ಯಾರು ಅಂತ ಗೊತ್ತಿಲ್ಲ ಕಣಮ್ಮ. ಮಿಸೀನ್ ತಕಂಡ್ ಬತ್ತಾರೆ. ಅದು ಕುಂಯ್ ಅಂದ್ರೆ ಅಗೀತಾರೆ. ಸಿಕ್ಕಿದ್ದೇನು, ಮುರುದೋಗಿರೋ ಗುದ್ಲಿ, ಬಾಟ್ಲಿ ಮುಚ್ಚಳ.’

‘ಯಜಮಾನ್ರು ಎಲ್ಲಿ?’

‘ಟೇಸನ್ನಾಗವ್ರೆ. ಬೆಳಿಗ್ಗೆನೇ ಕರ್ಕಂಡೋದ್ರು. ಒಂದ್ ಸಿಕ್ಕದ್ ಮ್ಯಾಲೆ ಕುಡಿಕೆನೇ ಸಿಕ್ಕಿರ್ತದೆ, ಎಲ್ಲಿ ಮಡಗಿದ್ದೀಯ ಅಂತ ಕೇಳ್ತಾವ್ರೆ. ಅವ್ರು ಆ ಕಾಸ ಕಣ್ಣಲ್ಲೂ ಕಂಡಿಲ್ಲ.’

‘ಪಂಚಾಕ್ಷರಯ್ಯನವರು ಇಲ್ಲಿಗೆ ಬಂದಿದ್ರಾ?’

‘ಬಂದಿದ್ರು. ಹೊಂಡದ್ ಪಕ್ಕ ನಿಂತು ಫೋಟ ತಗಸ್ಕಂಡ್ರು. ಬಿಸ್ಲು ಅಂತ ಮಜ್ಜಿಗೆ ಕೊಟ್ಟೆ. ಕುಡುದ್ರು.’

ಕುಡಿದರಂತೆ. ಇವರ ಹೊಲದಲ್ಲಿ ನಿಂತು ಸುಳ್ಳು ಹೇಳಿ, ಇವರದೇ ಮಜ್ಜಿಗೆ ಕುಡಿದು, ಲೋಟ ಕೈಗೆ ಕೊಟ್ಟು ಹೋದರಂತೆ. ಯಾರಿಗೆ ನಷ್ಟ ಹೇಳು — ಎಂದಿದ್ದ ಮನುಷ್ಯ.

ಅದೇ ದಿನ, ಮನೆಗೆ ಬಂದ ಮೇಲೆ

ಸ್ಟೇಷನ್‌ನಲ್ಲಿ ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ದೇವಯ್ಯ. ಟವೆಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, ಬೇರೆಯವರ ಮನೆಗೆ ಬಂದವರ ಹಾಗೆ ಕೂತಿದ್ದರು.

ಇನ್ಸ್‌ಪೆಕ್ಟರ್‌ಗೆ ಫೋನ್ ತೋರಿಸಿದೆ. ಎರಡು ವರ್ಷದ ಹಿಂದೆ ನಾಣ್ಯ ಸಂಗ್ರಹದವರ ಗ್ರೂಪಿಗೆ ಹಾಕಿದ್ದ ಫೋಟೊ, ಗೀರಿನ ಸಮೇತ. ‘ನಾಣ್ಯ ತಲುಪಿದೆ, ಜೋಪಾನವಾಗಿರುತ್ತೆ’ ಎಂದು ಪಂಚಾಕ್ಷರಯ್ಯನವರು ಮಾರ್ಚಿನಲ್ಲಿ ಕಳಿಸಿದ್ದ ಮೆಸೇಜು. ಪೇಪರಿನ ಪಕ್ಕ ಇಟ್ಟು ನೋಡಿದರು. ಪಂಚಾಕ್ಷರಯ್ಯನವರಿಗೆ ಫೋನ್ ಹೋಯಿತು.

ಬಂದರು. ಇಸ್ತ್ರಿ ಮಾಡಿದ ಬಿಳಿ ಜುಬ್ಬ. ಬಂದ ಕೂಡಲೇ ಕುರ್ಚಿ, ಕಾಫಿ. ದೇವಯ್ಯನವರಿಗೆ ಅಲ್ಲಿಯವರೆಗೆ ಒಂದು ಲೋಟ ನೀರು ಕೊಟ್ಟವರಿಲ್ಲ.

‘ಸ್ವಲ್ಪ ಗೊಂದಲ ಆಗಿದೆ. ನಾನು ಸಾಂಕೇತಿಕವಾಗಿ ಹೇಳಿದ್ದೆ. ಪೇಪರಿನೋರು ಹಾಗೇ ಬರೆದುಬಿಟ್ರು.’

‘ಹೊಂಡದ ಪಕ್ಕ ನಿಂತಿದ್ದೂ ಸಾಂಕೇತಿಕವಾಗಿನಾ ಸರ್?’

ಇನ್ಸ್‌ಪೆಕ್ಟರ್ ಕೆಮ್ಮಿದರು. ‘ಹೋಗ್ಲಿ ಬಿಡಿ ಮೇಡಂ. ಹಿರಿಯರು. ಇವನನ್ನೂ ಕಳಿಸ್ತೀವಿ, ಆಯ್ತಲ್ಲ.’

ಅವರು ಹಿರಿಯರು, ಇವನು ಇವನು. ಇಬ್ಬರಿಗೂ ಒಂದೇ ವಯಸ್ಸು.

‘ಆಗಲಿಲ್ಲ’ ಎಂದೆ. ‘ಅಲ್ಲಿ ಏನೂ ಸಿಕ್ಕಿಲ್ಲ, ನಾನು ಹೇಳಿದ್ದು ಸುಳ್ಳು ಅಂತ ಇವರು ಬರೆದು ಸೈನ್ ಮಾಡಲಿ. ಅಲ್ಲೀವರೆಗೂ ನಾನು ಇಲ್ಲೇ ಇರ್ತೀನಿ.’ ಹೋಗಿ ದೇವಯ್ಯನವರ ಬೆಂಚಿನಲ್ಲಿ ಕೂತೆ. ಅವರು ಗಾಬರಿಯಾಗಿ ಏಳಲು ಹೋದರು. ‘ಕೂತ್ಕೊಳ್ಳಿ’ ಎಂದೆ. ಭರತೇಶ್ ಬಾಗಿಲಲ್ಲೇ ನಿಂತಿದ್ದರು. ಕಾರಿನ ಕೀ ಜೇಬಿಗೆ ಹಾಕಿಕೊಂಡು ಬಂದು ನನ್ನ ಪಕ್ಕ ಕೂತರು.

ಪಂಚಾಕ್ಷರಯ್ಯನವರ ಕಾಫಿ ಆರಿತು. ಬರೆದರು. ನಾಣ್ಯವನ್ನು ಮೇಜಿನ ಮೇಲಿಟ್ಟರು, ನನ್ನ ಕೈಗೆ ಕೊಡಲಿಲ್ಲ.

ಜೂನ್ 25

ಒಳಪುಟದಲ್ಲಿ, ಜಾಹೀರಾತಿನ ಕೆಳಗೆ ನಾಲ್ಕು ಸಾಲು. ‘ಗೊಂದಲದಿಂದಾಗಿ ಪ್ರಕಟವಾಗಿತ್ತು.’ ಸುಳ್ಳು ಎಂಬ ಪದ ಇಲ್ಲ. ದೇವಯ್ಯನವರ ಹೆಸರಿಲ್ಲ. ಪತ್ತೆಯಾಗಿದ್ದಕ್ಕೆ ಮುಖಪುಟ, ಪತ್ತೆಯಾಗಲಿಲ್ಲ ಎಂಬುದಕ್ಕೆ ಈ ಮೂಲೆ.

ಇತಿಹಾಸ ಕೂಟದವರು ಫೋನ್ ಮಾಡಿದರು — ದೊಡ್ಡ ಮನಸ್ಸು ಮಾಡಿ, ಇದನ್ನು ಬೆಳೆಸಬೇಡಿ. ನನಗೆ. ಪಂಚಾಕ್ಷರಯ್ಯನವರೇ ಈಗಲೂ ಅಧ್ಯಕ್ಷರು.

ಜುಲೈ 7, ಭಾನುವಾರ

ದೇವಯ್ಯ, ನೀಲಾಂಬಿಕೆ ಅಂಗಡಿಗೆ ಬಂದಿದ್ದರು. ಕನ್ನಡಕಕ್ಕಲ್ಲ. ‘ಆ ಕಾಸ ಒಂದ್ ದಪ ನೋಡ್ಬೋದಾ ಅವ್ವ’ ಎಂದರು ದೇವಯ್ಯ.

ಅಂಗೈ ಮೇಲಿಟ್ಟೆ. ತಿರುಗಿಸಿ ನೋಡಿದರು. ಹಗುರವಿದೆಯೆಂದು ಇರಬೇಕು, ಕೈ ಮೇಲೆ ಕೆಳಗೆ ಆಡಿಸಿದರು.

‘ಇಷ್ಟೇಯಾ?’

‘ಇಷ್ಟೇ.’

ಲೆನ್ಸ್ ಕೊಟ್ಟೆ. ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ‘ಯಾರವ್ವ ಇವ್ರು?’

‘ಯೇಸು. ಸಾವಿರ ವರ್ಷದ ಹಿಂದಿನದು. ಸಮುದ್ರದ ಆಚೆಯದು.’

‘ಪಾಪ. ಇವ್ರನ್ನೂ ಅಷ್ಟ್ ದೂರದಿಂದ ಕರ್ಕಂಬಂದು ನಮ್ ಹೊಲ್ದಾಗ್ ನಿಲ್ಸವ್ರೆ.’

ನಗಲಿಲ್ಲ ಅವರು. ನನಗೂ ನಗು ಬರಲಿಲ್ಲ.

ನೀಲಾಂಬಿಕೆ ಹೇಳಿದರು. ‘ನಿಮ್ ಪೇಪರ್ ನಮ್ಮೂರಲ್ಲಿ ಯಾರೂ ಓದ್ಲಿಲ್ಲ ಕಣಮ್ಮ. ಚಿನ್ನ ಎಲ್ಲಿ ಮಡಗಿದ್ದೀರ ಅಂತ್ಲೇ ಕೇಳ್ತಾರೆ. ನಂಟ್ರೂ ಕೇಳ್ತಾರೆ. ಆ ಮೇಷ್ಟ್ರು ಒಂದ್ ಗಳಿಗೆ ಬಂದು, ನಮ್ ಬೀದೀಲಿ ನಿಂತು, ಇಲ್ಲ ಅಂತ ಬಾಯಲ್ಲಿ ಹೇಳಿದ್ರೆ ಸಾಕು. ಬೇರೇನೂ ಬ್ಯಾಡ.’

ಎಷ್ಟು ಸಣ್ಣ ಮಾತು. ಅದನ್ನು ಕೇಳಲು ಅವರು ಎರಡು ಬಸ್ ಹತ್ತಿ ನನ್ನ ಹತ್ತಿರ ಬರಬೇಕಾಯಿತು.

ಈಗಷ್ಟೇ ಪಂಚಾಕ್ಷರಯ್ಯನವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ನಾಳೆ ಬೆಳಿಗ್ಗೆ ಅಂಗಡಿ ತೆಗೆಯುವುದಿಲ್ಲ. ಹಾಸನಕ್ಕೆ ಹೋಗುತ್ತೇವೆ, ಭರತೇಶ್ ತಾವಾಗಿಯೇ ಒಪ್ಪಿದ್ದಾರೆ. ಆ ಮನುಷ್ಯನನ್ನು ಕಾರಿನಲ್ಲಿ ಕೂರಿಸಿಕೊಂಡು ಸೀದಾ ಕಟ್ಟಾಯ. ಬರುವುದಿಲ್ಲ ಎಂದರೆ, ಸ್ಟೇಷನ್ನಿನಲ್ಲಿ ಕೂತ ಹಾಗೆಯೇ, ಹೊರಡುವವರೆಗೂ ಅವರ ಬಾಗಿಲಲ್ಲಿ ಕೂರುತ್ತೇನೆ.